ಫಿಲ್ ಫೋಡನ್ ಅವರನ್ನು ಗಾರ್ಡಿಯೋಲಾ ಅಷ್ಟು ಕಾಲ ಬೆಂಚಿನಲ್ಲಿ ಕೂರಿಸಿದ್ದು ಸರಿಯೇ?

ಹಸಿರುಮೈದಾನ:

ಎಲ್ಲರಿಗೂ ನಮಸ್ಕಾರ. ಪೆಪ್ ಗಾರ್ಡಿಯೋಲಾ ಕೋಚ್ ಆಗಿದ್ದ ಇಂಗ್ಲೆಂಡ್‌ನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಸಿಟಿಯ ಮಾತು ಬಂದಾಗಲೆಲ್ಲ ನಮ್ಮ ಗೆಳೆಯರ ಬಳಗದಲ್ಲಿ ಜಗಳಕ್ಕೆ ಕಾರಣವಾಗುವ ಪ್ರಶ್ನೆಯೊಂದನ್ನು ಇಲ್ಲಿ ಇಡುತ್ತಿದ್ದೇನೆ. 2017ರ ಅಕ್ಟೋಬರ್‌ನಲ್ಲಿ ನಮ್ಮ ದೇಶದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಸಿಟಿಯ ಫಿಲ್ ಫೋಡನ್ ಟೂರ್ನಿಯ ಶ್ರೇಷ್ಠ ಆಟಗಾರನಿಗೆ ಸಲ್ಲುವ ಚಿನ್ನದ ಚೆಂಡನ್ನು ಗೆದ್ದರು. ತಿಂಗಳು ತುಂಬುವುದರೊಳಗೆ, ನವೆಂಬರ್ 21ರಂದು, ಯುರೋಪಿನ ಕ್ಲಬ್‌ಗಳ ಅಗ್ರ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಫೆಯನೂರ್ಡ್ ವಿರುದ್ಧದ ಪಂದ್ಯದಲ್ಲಿ ಯಾಯಾ ಟೂರೆ ಅವರ ಬದಲಿಗೆ ಮೈದಾನಕ್ಕಿಳಿದರು. ಇಷ್ಟು ವೇಗವಾಗಿ ಶುರುವಾದ ಕಥೆ ಆಮೇಲೆ ನಿಂತೇ ಹೋದಂತಾಯಿತು. ಇಂಗ್ಲೆಂಡ್‌ನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್‌ನಲ್ಲಿ ಆ ಋತುವಿನಲ್ಲಿ ಅವರು ಆಡಿದ್ದು ಐದು ಪಂದ್ಯ, ಐದರಲ್ಲೂ ಬದಲಿ ಆಟಗಾರನಾಗಿ. ಲೀಗ್ ಪಂದ್ಯವೊಂದರ ಆರಂಭಿಕ ಹನ್ನೊಂದರಲ್ಲಿ ಅವರ ಹೆಸರು ಕಾಣಿಸಿಕೊಳ್ಳಲು 2019ರ ಏಪ್ರಿಲ್ 3ರ ಕಾರ್ಡಿಫ್ ಪಂದ್ಯದವರೆಗೆ ಕಾಯಬೇಕಾಯಿತು.

ಎಳೆಯರನ್ನು ಬೆಳೆಸುವ ಸಿಟಿಯ ಅಕಾಡೆಮಿಯಲ್ಲಿ ಫೋಡನ್ ಅವರ ಜೊತೆಗಿದ್ದ ಜೇಡನ್ ಸ್ಯಾಂಚೊ 2017ರ ಆಗಸ್ಟ್ ಕೊನೆಯಲ್ಲಿ ಜರ್ಮನಿಯ ಡಾರ್ಟ್‌ಮಂಡ್‌ಗೆ ಹೋದರು. 2018ರ ಅಕ್ಟೋಬರ್ ಹೊತ್ತಿಗೆ ಇಂಗ್ಲೆಂಡ್‌ನ ಹಿರಿಯರ ತಂಡಕ್ಕೆ ಆಡಿಯೂ ಬಿಟ್ಟರು. ಫೋಡನ್ ಅವರಿಗೆ ಆ ಅವಕಾಶ ಸಿಕ್ಕಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಹದಿನೇಳರಿಂದ ಹತ್ತೊಂಬತ್ತರವರೆಗಿನ ವಯಸ್ಸು ಆಟಗಾರನಿಗೆ ಮತ್ತೆ ಸಿಗುವುದಿಲ್ಲ. ಒಂದು ಋತುವಿನ ಮಟ್ಟಿಗಾದರೂ ಅವರನ್ನು ಬೇರೆ ಕ್ಲಬ್‌ಗೆ ಲೋನ್ ಮೇಲೆ, ಅಂದರೆ ತಾತ್ಕಾಲಿಕವಾಗಿ ಎರವಲಾಗಿ, ಕಳುಹಿಸಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ನೀವೇನು ಹೇಳುತ್ತೀರಿ?

ಧಾರವಾಡದ ವಿಂಗರ್:

ಸಂಪೂರ್ಣ ಒಪ್ಪುತ್ತೇನೆ. ನೀರಿಗಿಳಿಯದೆ ಈಜು ಬರುವುದಿಲ್ಲ.

ಸ್ಟಾಕ್‌ಪೋರ್ಟ್ ನಿವಾಸಿ:

ಹಸಿರುಮೈದಾನ ಅವರೇ, ಪ್ರಶ್ನೆ ಒಳ್ಳೆಯದು, ಆದರೆ ಆ ಎರಡು ವರ್ಷಗಳಲ್ಲಿ ಸಿಟಿಯ ಮಿಡ್‌ಫೀಲ್ಡ್‌ನಲ್ಲಿ ಯಾರಿದ್ದರು ಎಂಬುದನ್ನು ಬಿಟ್ಟು ಈ ಲೆಕ್ಕ ಹಾಕಲಾಗುವುದಿಲ್ಲ. ಡೇವಿಡ್ ಸಿಲ್ವಾ, ಕೆವಿನ್ ಡಿ ಬ್ರೂಯ್ನ, ಬರ್ನಾರ್ಡೊ ಸಿಲ್ವಾ, ಗುಂಡೊಗಾನ್. 2017-18ರಲ್ಲಿ ಆ ತಂಡ ಲೀಗ್‌ನಲ್ಲಿ ನೂರು ಅಂಕ ಗಳಿಸಿತು. ಮರುವರ್ಷ 98 ಅಂಕ, ಜೊತೆಗೆ ಇಂಗ್ಲೆಂಡ್‌ನ ನಾಕೌಟ್ ಟೂರ್ನಿಗಳಾದ ಎಫ್‌ಎ ಕಪ್ ಮತ್ತು ಲೀಗ್ ಕಪ್. ಈ ನಾಲ್ವರಲ್ಲಿ ಯಾರನ್ನು ಕೂರಿಸಿ ಹದಿನೇಳರ ಹುಡುಗನನ್ನು ಆಡಿಸಬೇಕಿತ್ತು, ನೀವೇ ಹೇಳಿ.

ನಾನು ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟ್‌ನಲ್ಲಿ ಸಂಸಾರ ಹೂಡಿದವನು. ಇಲ್ಲಿ ಮಕ್ಕಳ ತಂಡಗಳ ಪಂದ್ಯಗಳಿಗೆ ಹೋದರೆ ರೆಡಿಶ್ ವಲ್ಕನ್ಸ್ ಹೆಸರು ಕಿವಿಗೆ ಬೀಳದೆ ಇರುವುದಿಲ್ಲ, ಏಕೆಂದರೆ ಫೋಡನ್ ಬಾಲ್ಯದಲ್ಲಿ ಆಡಿದ್ದು ಆ ತಂಡಕ್ಕೆ. ಆಮೇಲೆ ಸಿಟಿಯ ಅಕಾಡೆಮಿ, ಕ್ಲಬ್‌ನ ಖರ್ಚಿನಲ್ಲೇ ಸೇಂಟ್ ಬೀಡ್ಸ್ ಕಾಲೇಜಿನಲ್ಲಿ ಓದು. 2014ರ ಕೊನೆಯಲ್ಲಿ ಸಿಟಿಯ ತವರು ಮೈದಾನವಾದ ಎತಿಹಾದ್ ಕ್ರೀಡಾಂಗಣದ ಪಕ್ಕದಲ್ಲೇ ಹೊಸ ತರಬೇತಿ ಕೇಂದ್ರ ತೆರೆದ ಮೇಲೆ ಅಕಾಡೆಮಿಯ ಹುಡುಗರೂ ಹಿರಿಯರ ತಂಡವೂ ಒಂದೇ ಆವರಣಕ್ಕೆ ಬಂದವು. ಹಾಗೆ ಬೆಳೆದ ಹುಡುಗ ಪ್ರತಿದಿನ ಡೇವಿಡ್ ಸಿಲ್ವಾ ಅವರ ಎದುರು ನಿಂತು ಚೆಂಡು ಕಸಿಯಲು ಹೆಣಗುತ್ತಿದ್ದ ಎಂಬುದನ್ನು ಪಂದ್ಯಗಳ ಪಟ್ಟಿ ಹೇಳುವುದಿಲ್ಲ. ಕಿಕ್ಕಿರಿದ ಜಾಗದಲ್ಲಿ ಚೆಂಡು ಕಾಲಿಗೆ ಬರುವ ಮೊದಲೇ ಮೈ ಅರ್ಧ ತಿರುಗಿಸಿ, ಬೆನ್ನ ಹಿಂದೆ ಯಾರಿದ್ದಾರೆಂದು ಒಮ್ಮೆ ಕತ್ತು ಹೊರಳಿಸಿ ನೋಡಿ, ಮೊದಲ ಸ್ಪರ್ಶದಲ್ಲೇ ಎದುರಾಳಿಯನ್ನು ದಾಟುವ ಆ ಚಾಳಿ ಸಿಲ್ವಾ ಅವರದು. 2020ರ ನಂತರ ಫೋಡನ್ ಆಟದಲ್ಲಿ ಅದನ್ನು ಕಂಡವರಿಗೆ ಆ ಬೆಂಚಿನ ದಿನಗಳು ವ್ಯರ್ಥವಾಗಲಿಲ್ಲ ಎಂಬುದು ತಿಳಿದಿರುತ್ತದೆ.

ಅಂಕಿಪ್ರಿಯ:

ಮೂಲ ಬರಹಕ್ಕೆ ಒಂದು ಸೇರ್ಪಡೆ. ಕಾರ್ಡಿಫ್ ವಿರುದ್ಧದ್ದು ಲೀಗ್‌ನಲ್ಲಿ ಮೊದಲ ಆರಂಭ, ನಿಜ. ಆದರೆ 2017ರ ಡಿಸೆಂಬರ್ 6ರಂದು ಶಾಖ್ತಾರ್ ಡೊನೆಟ್ಸ್ಕ್ ವಿರುದ್ಧದ ಚಾಂಪಿಯನ್ಸ್ ಲೀಗ್ ಪಂದ್ಯವನ್ನೇ ಅವರು ಮೊದಲ ನಿಮಿಷದಿಂದ ಆಡಿದ್ದರು, ಅದೂ ಎಡಬದಿಯ ವಿಂಗ್-ಬ್ಯಾಕ್ ಆಗಿ, ಅಂದರೆ ಅಂಚಿನಲ್ಲಿ ರಕ್ಷಣೆಯನ್ನೂ ದಾಳಿಯನ್ನೂ ಮಾಡುವ ಆಟಗಾರನಾಗಿ. ಆ ಟೂರ್ನಿಯಲ್ಲಿ ಪಂದ್ಯ ಆರಂಭಿಸಿದ ಅತಿ ಕಿರಿಯ ಇಂಗ್ಲಿಷ್ ಆಟಗಾರ ಎಂಬ ದಾಖಲೆ ಅಂದೇ ಆಯಿತು. 2018-19ರಲ್ಲಿ ಎಲ್ಲ ಟೂರ್ನಿಗಳನ್ನೂ ಸೇರಿಸಿದರೆ 26 ಪಂದ್ಯ, 7 ಗೋಲು. ಮೊದಲ ಗೋಲು 2018ರ ಸೆಪ್ಟೆಂಬರ್‌ನಲ್ಲಿ ಲೀಗ್ ಕಪ್‌ನ ಆಕ್ಸ್‌ಫರ್ಡ್ ಯುನೈಟೆಡ್ ಪಂದ್ಯದಲ್ಲಿ ಬಂತು. ಶಾಲ್ಕೆ ವಿರುದ್ಧ 7-0 ಗೆದ್ದ ರಾತ್ರಿಯೂ ಒಂದು ಗೋಲು ಅವರದಿತ್ತು. ಲೀಗ್ ಒಂದನ್ನೇ ಹಿಡಿದು ಮಾತನಾಡಿದರೆ ಚಿತ್ರ ಅರ್ಧಕ್ಕೇ ನಿಲ್ಲುತ್ತದೆ.

ಇನ್ನೊಂದು ವಿಷಯ: ಆ ಐದು ಬದಲಿ ಪಂದ್ಯಗಳೇ ಅವರಿಗೆ ಪ್ರೀಮಿಯರ್ ಲೀಗ್ ಪದಕ ತಂದುಕೊಟ್ಟವು. ನಿಯಮದ ಪ್ರಕಾರ ಪದಕಕ್ಕೆ ಐದು ಪಂದ್ಯ ಸಾಕು. 17 ವರ್ಷ 350 ದಿನಗಳ ವಯಸ್ಸಿಗೆ ಆ ಪದಕ ಪಡೆದ ಅತಿ ಕಿರಿಯ ಆಟಗಾರ ಎಂದು ಗಿನ್ನೆಸ್ ದಾಖಲೆಯಲ್ಲಿ ಹೆಸರು ಸೇರಿತು.

ಧಾರವಾಡದ ವಿಂಗರ್:

ಪದಕಕ್ಕೂ ಆಟಕ್ಕೂ ಏನು ಸಂಬಂಧ, ಅಂಕಿಪ್ರಿಯ ಅವರೇ? ಐದು ಪಂದ್ಯಗಳಲ್ಲಿ ಕೊನೆಯ ಕೆಲವು ನಿಮಿಷ ಓಡಾಡಿದ್ದಕ್ಕೆ ಸಿಕ್ಕಿದ ಪದಕದಿಂದ ಹುಡುಗ ಕಲಿತದ್ದೇನು? ಶಾಖ್ತಾರ್ ಪಂದ್ಯವೂ ಗುಂಪಿನಲ್ಲಿ ಸಿಟಿಯ ಮೊದಲ ಸ್ಥಾನ ಖಚಿತವಾದ ಮೇಲೆ ಆಡಿದ್ದು. ಸೋತರೂ ನಷ್ಟವಿಲ್ಲದ ಪಂದ್ಯದಲ್ಲಿ, ಅವರದಲ್ಲದ ಸ್ಥಾನದಲ್ಲಿ ಆಡಿಸಿದ್ದನ್ನು ಅವಕಾಶ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಹೂಗ್ಲಿ ತೀರದ ಕನ್ನಡಿಗ:

2017ರ ಅಕ್ಟೋಬರ್ 28ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಕೂತು ಆ ಫೈನಲ್ ನೋಡಿದವನು ನಾನು. ಆ ಟೂರ್ನಿಯಲ್ಲಿ ಇಂಗ್ಲೆಂಡ್ ಹೆಚ್ಚಿನ ಪಂದ್ಯಗಳನ್ನು ಆಡಿದ್ದೇ ನಮ್ಮೂರಿನಲ್ಲಿ. ಗುವಾಹಟಿಯ ಮೈದಾನ ಮಳೆಯಿಂದ ಕೆಟ್ಟದ್ದರಿಂದ ಬ್ರೆಜಿಲ್ ವಿರುದ್ಧದ ಸೆಮಿಫೈನಲ್ ಕೂಡ ಇಲ್ಲಿಗೇ ಬಂದಿತ್ತು. ಹೀಗಾಗಿ ಫೈನಲ್ ಹೊತ್ತಿಗೆ ಇಲ್ಲಿನ ಪ್ರೇಕ್ಷಕರಿಗೆ ಆ ಹುಡುಗರ ಮುಖಗಳು ಪರಿಚಿತವಾಗಿದ್ದವು.

ಸ್ಪೇನ್ ಎರಡು ಗೋಲು ಮುಂದಿತ್ತು. ವಿರಾಮಕ್ಕೆ ಸ್ವಲ್ಪ ಮೊದಲು ರಿಯಾನ್ ಬ್ರೂಸ್ಟರ್ ಒಂದನ್ನು ತೀರಿಸಿದರು, ಮೋರ್ಗನ್ ಗಿಬ್ಸ್-ವೈಟ್ ಸಮ ಮಾಡಿದರು, 69ನೇ ನಿಮಿಷದಲ್ಲಿ ಫೋಡನ್ ಮುನ್ನಡೆ ತಂದರು. ಕೊನೆಗೆ 5-2. ಐದನೆಯದೂ ಫೋಡನ್ ಅವರದೇ. ಬಲಬದಿಯಲ್ಲಿ ಆಡುತ್ತಿದ್ದ ಆ ಸಣಕಲು ಹುಡುಗ ಎಡಗಾಲಿನಿಂದ ಚೆಂಡನ್ನು ಒಳಕ್ಕೆ ತರುವಾಗ ಎದುರಾಳಿ ಹಿಂದೆ ಸರಿಯುತ್ತಲೇ ಇದ್ದ, ಕಾಲು ಹಾಕುವ ಧೈರ್ಯ ಮಾಡುತ್ತಿರಲಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ಮೋಹನ್ ಬಾಗಾನ್ ಅಭಿಮಾನಿ ಹಿರಿಯರೊಬ್ಬರು ಚೆಂಡು ಆ ಕಡೆಗೆ ಹೋದಾಗಲೆಲ್ಲ ಎದ್ದು ನಿಲ್ಲುತ್ತಿದ್ದರು.

ಸ್ಪೇನ್‌ಗೆ ಆ ಎರಡೂ ಗೋಲು ಹೊಡೆದ ಸೆರ್ಜಿಯೊ ಗೋಮೆಜ್ 2022ರಲ್ಲಿ ಮ್ಯಾಂಚೆಸ್ಟರ್ ಸಿಟಿಗೇ ಬಂದರು. ಅದೇ ಸ್ಪೇನ್ ತಂಡದ ಫೆರಾನ್ ಟೊರೆಸ್ ಅವರೂ 2020ರಲ್ಲಿ ಸಿಟಿ ಸೇರಿದ್ದರು. ಇಬ್ಬರೂ ಅಲ್ಲಿ ಬಹುಕಾಲ ನಿಲ್ಲಲಿಲ್ಲ. ಈ ಮೂವರಲ್ಲಿ ಸಿಟಿಯಲ್ಲಿ ಬೇರು ಬಿಟ್ಟದ್ದು ಫೋಡನ್ ಒಬ್ಬರೇ.

ಎಡಗಾಲಿನಾಟ:

ಆ ಇಂಗ್ಲೆಂಡ್ ತಂಡವನ್ನೇ ತೆಗೆದುಕೊಂಡು ಲೋನ್ ವಿಚಾರ ಪರಿಶೀಲಿಸೋಣ, ಏಕೆಂದರೆ ಒಂದೇ ವಯಸ್ಸಿನ, ಹತ್ತಿರ ಹತ್ತಿರ ಒಂದೇ ಮಟ್ಟದ ಹುಡುಗರು ಬೇರೆ ಬೇರೆ ದಾರಿ ಹಿಡಿದದ್ದು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗುವುದಿಲ್ಲ.

ಕಾನರ್ ಗ್ಯಾಲಗರ್ ಚೆಲ್ಸಿಯಿಂದ ಚಾರ್ಲ್ಟನ್, ಸ್ವಾನ್ಸಿ, ವೆಸ್ಟ್ ಬ್ರಾಮ್, ಕ್ರಿಸ್ಟಲ್ ಪ್ಯಾಲೇಸ್ ಎಂದು ನಾಲ್ಕು ಕಡೆ ಲೋನ್ ಮೇಲೆ ಆಡಿದರು. ಪ್ಯಾಲೇಸ್‌ನಲ್ಲಿದ್ದಾಗಲೇ ಇಂಗ್ಲೆಂಡ್ ತಂಡಕ್ಕೂ ಆಯ್ಕೆಯಾದರು. ಮಾರ್ಕ್ ಗೇಯಿ ಸ್ವಾನ್ಸಿಯಲ್ಲಿ ಒಂದೂವರೆ ಋತು ಪಳಗಿ, 2021ರಲ್ಲಿ ಪ್ಯಾಲೇಸ್ ಸೇರಿ, ನಾಯಕರಾಗಿ 2025ರಲ್ಲಿ ಎಫ್‌ಎ ಕಪ್ ಎತ್ತಿದರು, ಅದೂ ಫೈನಲ್‌ನಲ್ಲಿ ಸಿಟಿಯನ್ನೇ ಸೋಲಿಸಿ. ಇಬ್ಬರಿಗೂ ಸ್ವಾನ್ಸಿಯಲ್ಲಿ ಸಿಕ್ಕ ಕೋಚ್ ಯಾರು ಗೊತ್ತೇ? ಕೋಲ್ಕತ್ತದಲ್ಲಿ ಅವರಿಗೆ ವಿಶ್ವಕಪ್ ಗೆದ್ದುಕೊಟ್ಟ ಸ್ಟೀವ್ ಕೂಪರ್. ತಮ್ಮನ್ನು ಚೆನ್ನಾಗಿ ಬಲ್ಲ ಕೋಚ್ ಕೈಗೆ ಹೋದದ್ದರಿಂದ ಆ ಲೋನ್‌ಗಳು ಫಲ ಕೊಟ್ಟವು. ಬ್ರೂಸ್ಟರ್ ಅವರೂ 2020ರ ಜನವರಿಯಲ್ಲಿ ಲಿವರ್‌ಪೂಲ್‌ನಿಂದ ಅದೇ ಕೂಪರ್ ಬಳಿಗೆ ಹೋಗಿ ಗೋಲುಗಳ ಸುರಿಮಳೆಗರೆದರು. ಆಮೇಲೆ ಶೆಫೀಲ್ಡ್ ಯುನೈಟೆಡ್ ಅವರನ್ನು ದೊಡ್ಡ ಮೊತ್ತಕ್ಕೆ ಕೊಂಡಿತು, ಮೊದಲ ಪ್ರೀಮಿಯರ್ ಲೀಗ್ ಋತುವಿನಲ್ಲಿ ಒಂದು ಗೋಲೂ ಬರಲಿಲ್ಲ. ಅದೇ ಹುಡುಗ, ಅದೇ ಕಾಲು, ಸುತ್ತಲಿನ ತಂಡ ಮಾತ್ರ ಬದಲಾಗಿತ್ತು.

ಹೀಗಿರುವಾಗ ಫೋಡನ್ ಅವರನ್ನು ಎಲ್ಲಿಗೆ ಕಳುಹಿಸಬೇಕಿತ್ತು? ಅವರ ಆಟ ನಿಂತಿರುವುದೇ ಎದುರಾಳಿಯ ಎರಡು ಸಾಲುಗಳ ನಡುವಿನ ಕಿರಿದಾದ ಜಾಗದಲ್ಲಿ ಚೆಂಡು ಪಡೆಯುವುದರ ಮೇಲೆ. ಸಿಟಿಯಲ್ಲಿ ಆ ಜಾಗಕ್ಕೆ ಚೆಂಡು ತಲುಪಿಸಬಲ್ಲವರು ಹಿಂದಿನಿಂದ ಮುಂದಿನವರೆಗೂ ಇದ್ದರು. ಚೆಂಡನ್ನು ಎತ್ತರಕ್ಕೆ ಹೊಡೆದು ಓಡುವ ತಂಡಕ್ಕೆ ಹೋಗಿದ್ದರೆ ನಿಮಿಷಗಳು ಸಿಗುತ್ತಿದ್ದವು, ಚೆಂಡು ಸಿಗುತ್ತಿರಲಿಲ್ಲ.

ಹಸಿರುಮೈದಾನ:

ಎಡಗಾಲಿನಾಟ ಅವರೇ, ನಿಮ್ಮ ಉದಾಹರಣೆಗಳೇ ನನ್ನ ವಾದಕ್ಕೆ ಬಲ ಕೊಡುತ್ತಿವೆ. ಕೂಪರ್ ಅವರಂತಹ ಕೋಚ್ ಇರುವ ಕಡೆ ಫೋಡನ್ ಅವರನ್ನೂ ಕಳುಹಿಸಬಹುದಿತ್ತಲ್ಲವೇ? ಡಾರ್ಟ್‌ಮಂಡ್ ಎತ್ತರಕ್ಕೆ ಚೆಂಡು ಹೊಡೆಯುವ ತಂಡವೇನೂ ಅಲ್ಲ.

ಎಡಗಾಲಿನಾಟ:

ಕೂಪರ್ ಸ್ವಾನ್ಸಿಗೆ ಬಂದದ್ದೇ 2019ರಲ್ಲಿ. ಅಷ್ಟು ಹೊತ್ತಿಗೆ ಫೋಡನ್ ಎರಡು ಲೀಗ್ ಪ್ರಶಸ್ತಿಗಳ ತಂಡದಲ್ಲಿದ್ದರು.

ಕೆಂಪು ರಾಕ್ಷಸ:

ನಾನು ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿ, ಆದ್ದರಿಂದ ನಮ್ಮ ಹುಡುಗನೊಬ್ಬನ ಹೆಸರು ಹೇಳಲೇಬೇಕು. ಅದೇ ವಿಶ್ವಕಪ್ ತಂಡದಲ್ಲಿದ್ದ ಏಂಜೆಲ್ ಗೋಮ್ಸ್ 2017ರ ಮೇ ತಿಂಗಳಲ್ಲಿ, ಹದಿನಾರನೇ ವಯಸ್ಸಿಗೆ, ವೇಯ್ನ್ ರೂನಿ ಅವರ ಬದಲಿಗೆ ಓಲ್ಡ್ ಟ್ರಾಫರ್ಡ್ ಮೈದಾನಕ್ಕಿಳಿದರು. 2000ದಲ್ಲಿ ಅಥವಾ ಆಮೇಲೆ ಹುಟ್ಟಿದವರಲ್ಲಿ ಪ್ರೀಮಿಯರ್ ಲೀಗ್ ಆಡಿದ ಮೊದಲಿಗರು ಅವರೇ, ಫೋಡನ್ ಅಲ್ಲ. ಆಮೇಲೆ ನಮ್ಮ ಕ್ಲಬ್‌ನಲ್ಲಿ ಕೋಚ್ ಬದಲಾದರು, ಆಟದ ರೀತಿ ಬದಲಾಯಿತು, ಹುಡುಗನನ್ನು ಯಾವ ಸ್ಥಾನಕ್ಕೆ ಬೆಳೆಸುತ್ತಿದ್ದೇವೆ ಎಂಬ ಸ್ಪಷ್ಟತೆ ಯಾರಿಗೂ ಉಳಿಯಲಿಲ್ಲ. 2020ರಲ್ಲಿ ಅವರು ಫ್ರಾನ್ಸ್‌ನ ಲಿಲ್ ಕ್ಲಬ್‌ಗೆ ಹೊರಟುಹೋದರು. ಅವರೂ ಕಾದರು, ಫೋಡನ್ ಅವರೂ ಕಾದರು. ಒಬ್ಬರು ಯಾವುದಕ್ಕಾಗಿ ಕಾಯುತ್ತಿದ್ದೇನೆಂದು ತಿಳಿದು ಕಾದರು, ಇನ್ನೊಬ್ಬರಿಗೆ ಅದನ್ನು ಹೇಳುವವರೇ ಇರಲಿಲ್ಲ. ತಾಳಿದವನು ಬಾಳಿಯಾನು ಎಂಬ ಮಾತನ್ನು ಎಲ್ಲ ಹುಡುಗರಿಗೂ ಸಮನಾಗಿ ಹೇಳಲು ಆಗುವುದಿಲ್ಲ ಎಂದು ನನಗೆ ನೋವಿನಿಂದಲೇ ಅನ್ನಿಸಿದೆ.

ಸ್ಟಾಕ್‌ಪೋರ್ಟ್ ನಿವಾಸಿ:

ಕೆಂಪು ರಾಕ್ಷಸ ಅವರು ಮುಖ್ಯವಾದ ಎಳೆಯನ್ನೇ ಹಿಡಿದಿದ್ದಾರೆ. ಸಿಟಿಯಲ್ಲಿ ಕೋಚ್ ಬದಲಾಗಲಿಲ್ಲ. ಡೇವಿಡ್ ಸಿಲ್ವಾ 2020ರಲ್ಲಿ ಹೊರಡುತ್ತಾರೆಂಬುದು ಒಂದು ವರ್ಷ ಮೊದಲೇ ಪ್ರಕಟವಾಗಿತ್ತು. ಆ ಜಾಗಕ್ಕೆ ದುಬಾರಿ ಆಟಗಾರನನ್ನು ಕೊಳ್ಳುವುದಿಲ್ಲ, ನಮ್ಮಲ್ಲಿ ಫೋಡನ್ ಇದ್ದಾರೆ ಎಂದು ಗಾರ್ಡಿಯೋಲಾ ಬಹಿರಂಗವಾಗಿಯೇ ಹೇಳುತ್ತ ಬಂದರು. ಕ್ಲಬ್‌ನ ಮಾತಿಗೆ 2018ರ ಡಿಸೆಂಬರ್‌ನಲ್ಲಿ 2024ರವರೆಗಿನ ಒಪ್ಪಂದದ ಆಧಾರವೂ ಇತ್ತು.

ಆಸ್ಟಿನ್ ಟೌನ್ ಕೋಚ್:

ಬೆಂಗಳೂರಿನಲ್ಲಿ ಮಕ್ಕಳಿಗೆ ಫುಟ್‌ಬಾಲ್ ಕಲಿಸುವವನಾಗಿ ಈ ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಭಾನುವಾರದ ಪಂದ್ಯ ಮುಗಿಯುತ್ತಿದ್ದಂತೆ ತಂದೆತಾಯಂದಿರು ಕೇಳುವ ಮೊದಲ ಪ್ರಶ್ನೆ, "ಸರ್, ನಮ್ಮ ಹುಡುಗನನ್ನು ಎಷ್ಟು ನಿಮಿಷ ಆಡಿಸಿದಿರಿ?" ಎಂಬುದು. ಅಭ್ಯಾಸದಲ್ಲಿ ಅವನು ಏನು ಕಲಿತ ಎಂದು ಕೇಳುವವರು ಬಹಳ ಕಡಿಮೆ.

ಅದೇ ವಿಶ್ವಕಪ್‌ನಲ್ಲಿ ನಮ್ಮ ಭಾರತ ತಂಡವೂ ಆಡಿತ್ತು. ದೆಹಲಿಯಲ್ಲಿ ಕೊಲಂಬಿಯಾ ವಿರುದ್ಧ ನಮ್ಮ ಬೆಂಗಳೂರಿನ ಸಂಜೀವ್ ಸ್ಟಾಲಿನ್ ಹೊಡೆದ ಕಾರ್ನರ್ ಕಿಕ್‌ಗೆ ಜೀಕ್ಸನ್ ಸಿಂಗ್ ತಲೆ ಕೊಟ್ಟಾಗ, ವಿಶ್ವಕಪ್ ಒಂದರಲ್ಲಿ ಭಾರತದ ಮೊಟ್ಟಮೊದಲ ಗೋಲು ಬಂದಿತ್ತು. ಟೂರ್ನಿ ಮುಗಿದ ಮೇಲೆ ಆ ಹುಡುಗರಲ್ಲಿ ಬಹಳ ಮಂದಿಯನ್ನು ಇಂಡಿಯನ್ ಆ್ಯರೋಸ್ ಎಂಬ ಹೆಸರಿನಲ್ಲಿ ನೇರವಾಗಿ ಭಾರತದ ವೃತ್ತಿಪರ ಲೀಗ್ ಆದ ಐ-ಲೀಗ್‌ನಲ್ಲಿ ಹಿರಿಯ ತಂಡಗಳ ವಿರುದ್ಧ ಆಡಿಸಲಾಯಿತು. ಅಂದರೆ ಫೋಡನ್ ಅವರಿಗೆ ಸಿಗದ ನಿಮಿಷಗಳೆಲ್ಲ ನಮ್ಮ ಹುಡುಗರಿಗೆ ಸಿಕ್ಕವು. ಅದರಿಂದ ಒಳ್ಳೆಯದೂ ಆಯಿತು, ಜೀಕ್ಸನ್ ರಾಷ್ಟ್ರೀಯ ತಂಡದವರೆಗೆ ಬೆಳೆದರು. ಆದರೆ ಅಭ್ಯಾಸದಲ್ಲಿ ಅವರ ಎದುರು ನಿಲ್ಲುತ್ತಿದ್ದವರು ಯಾರು? ಅದೇ ವಯಸ್ಸಿನ ಗೆಳೆಯರೇ. ದಿನಕ್ಕೊಮ್ಮೆ ಅವರನ್ನು ಸೋಲಿಸಿ ಕಲಿಸಬಲ್ಲ ಹಿರಿಯ ಆಟಗಾರ ಆ ತಂಡದಲ್ಲಿರಲಿಲ್ಲ. ನಿಮಿಷಗಳು ಬೇಕು, ಖಂಡಿತ ಬೇಕು. ವಾರದ ಉಳಿದ ಆರು ದಿನ ಹುಡುಗ ಯಾರ ಜೊತೆ ಅಭ್ಯಾಸ ಮಾಡುತ್ತಾನೆ ಎಂಬುದನ್ನೂ ಅಷ್ಟೇ ಗಂಭೀರವಾಗಿ ಕೇಳಬೇಕು ಎಂದು ನನ್ನ ಮಕ್ಕಳ ಪೋಷಕರಿಗೆ ಹೇಳುತ್ತಲೇ ಇರುತ್ತೇನೆ.

ಧಾರವಾಡದ ವಿಂಗರ್:

ಕೋಚ್ ಸರ್, ನಿಮ್ಮ ಮಾತಿಗೆ ಗೌರವವಿದೆ. ಆದರೆ ಅಭ್ಯಾಸದಲ್ಲಿ ಸೋತರೆ ಯಾರೂ ಅಳುವುದಿಲ್ಲ. ಪ್ರೇಕ್ಷಕರ ಕೂಗಿನ ನಡುವೆ ಚೆಂಡು ಕಳೆದುಕೊಂಡು, ಅದರಿಂದ ಗೋಲು ಬಿಟ್ಟುಕೊಟ್ಟು, ಮರುವಾರ ಮತ್ತೆ ಅದೇ ಚೆಂಡನ್ನು ಕೇಳುವ ಎದೆಗಾರಿಕೆ ಪಂದ್ಯದಲ್ಲಿ ಮಾತ್ರ ಹುಟ್ಟುತ್ತದೆ. ಅದನ್ನು ಡೇವಿಡ್ ಸಿಲ್ವಾ ಕಲಿಸಲಾರರು.

ಅಂಕಿಪ್ರಿಯ:

ಎದೆಗಾರಿಕೆಯ ಮಾತು ಬಂದದ್ದರಿಂದ 2019ರ ಏಪ್ರಿಲ್ 20ನ್ನು ನೆನಪಿಸುತ್ತೇನೆ. ಅದಕ್ಕೆ ಮೂರು ದಿನ ಮೊದಲು ಟಾಟನ್‌ಹ್ಯಾಮ್ ತಂಡ ಸಿಟಿಯನ್ನು ಚಾಂಪಿಯನ್ಸ್ ಲೀಗ್‌ನಿಂದ ಹೊರದಬ್ಬಿತ್ತು. ಸಿಟಿಯ ಸ್ಟರ್ಲಿಂಗ್ ಕೊನೆಯ ಕ್ಷಣದಲ್ಲಿ ಹೊಡೆದ ಗೋಲನ್ನು ವಿಎಆರ್ (ವಿಡಿಯೊ ನೋಡಿ ತೀರ್ಪು ನೀಡುವ ವ್ಯವಸ್ಥೆ) ರದ್ದುಮಾಡಿದ ಆ ರಾತ್ರಿಯನ್ನು ಯಾರೂ ಮರೆತಿರಲಾರರು. ಅದೇ ಮೈದಾನದಲ್ಲಿ ಅದೇ ಟಾಟನ್‌ಹ್ಯಾಮ್ ವಿರುದ್ಧ ಲೀಗ್ ಪಂದ್ಯ. ಲಿವರ್‌ಪೂಲ್ ಬೆನ್ನಿಗೆ ಬಿದ್ದಿತ್ತು, ಒಂದು ಡ್ರಾ ಆದರೂ ಪ್ರಶಸ್ತಿ ಕೈಜಾರುವ ಸ್ಥಿತಿ. ಗಾರ್ಡಿಯೋಲಾ ಆರಂಭಿಕ ಹನ್ನೊಂದರಲ್ಲಿ ಫೋಡನ್ ಅವರನ್ನು ಇಳಿಸಿದರು.

ಐದನೇ ನಿಮಿಷ. ಬರ್ನಾರ್ಡೊ ಸಿಲ್ವಾ ಬಲಬದಿಯಿಂದ ಚೆಂಡನ್ನು ದೂರದ ಕಂಬದ ಕಡೆಗೆ ಎತ್ತಿದರು, ಅಗ್ವೆರೊ ಅದನ್ನು ತಲೆಯಿಂದ ಗೋಲಿನ ಮುಂದಕ್ಕೆ ಹಿಂತಿರುಗಿಸಿದರು, ಫೋಡನ್ ಮೈ ಬಾಗಿಸಿ ಮುಂದಕ್ಕೆ ಧುಮುಕಿ ತಲೆಯಿಂದಲೇ ಒಳಗೆ ತಳ್ಳಿದರು. ಮೈದಾನದ ಸಣ್ಣ ಆಳುಗಳಲ್ಲಿ ಒಬ್ಬರಾದವರಿಗೆ ಲೀಗ್‌ನ ಮೊದಲ ಗೋಲು ಬಂದದ್ದು ಹೆಡರ್‌ನಿಂದ. ವಿರಾಮಕ್ಕೂ ಮೊದಲೇ ಡಿ ಬ್ರೂಯ್ನ ಗಾಯಗೊಂಡು ಹೊರನಡೆದರು. ಪಂದ್ಯ 1-0ಗೇ ಮುಗಿಯಿತು. ಋತುವಿನ ಕೊನೆಗೆ ಸಿಟಿಗೆ 98, ಲಿವರ್‌ಪೂಲ್‌ಗೆ 97. ಆ ಒಂದು ಗೋಲು ಇಲ್ಲದಿದ್ದರೆ ಪ್ರಶಸ್ತಿ ಎಲ್ಲಿಗೆ ಹೋಗುತ್ತಿತ್ತೆಂದು ಲೆಕ್ಕ ಹಾಕಿ. ಪ್ರೇಕ್ಷಕರ ಕೂಗು, ಒತ್ತಡ, ಸೋಲಿನ ಭಯ ಎಲ್ಲವೂ ಅಲ್ಲಿದ್ದವು, ಹುಡುಗ ಕುಗ್ಗಲಿಲ್ಲ.

ಹೂಗ್ಲಿ ತೀರದ ಕನ್ನಡಿಗ:

ಆ ಗೋಲನ್ನು ಕಂಡು ನಾನೂ ಎದ್ದು ನಿಂತಿದ್ದೆ!

ಖಾತೆಪುಸ್ತಕ:

ಆಟದ ಮಾತಷ್ಟೇ ನಡೆಯುತ್ತಿದೆ, ಹಣದ ಮಾತನ್ನೂ ಸೇರಿಸಬೇಕು. ಪ್ರೀಮಿಯರ್ ಲೀಗ್‌ನ 25 ಜನರ ಪಟ್ಟಿಯಲ್ಲಿ ಸ್ಥಳೀಯವಾಗಿ ತರಬೇತಾಗದವರು 17ಕ್ಕಿಂತ ಹೆಚ್ಚಿರುವಂತಿಲ್ಲ. ಯುರೋಪಿಯನ್ ಟೂರ್ನಿಗಳ ಪೂರ್ಣ ಪಟ್ಟಿಯಲ್ಲಿ ಕ್ಲಬ್ ತಾನೇ ಬೆಳೆಸಿದ ನಾಲ್ವರಾದರೂ ಇರಬೇಕು, ಇಲ್ಲದಿದ್ದರೆ ಅಷ್ಟು ಜಾಗ ಖಾಲಿ ಬಿಡಬೇಕು. ಫೋಡನ್ ಅಂತಹ ಆಟಗಾರ ಕ್ಲಬ್‌ಗೆ ಈ ಎರಡೂ ಲೆಕ್ಕದಲ್ಲಿ ಬೇಕಾದವರು. ಆದ್ದರಿಂದ ಕ್ಲಬ್ ಅವರನ್ನು ಇಟ್ಟುಕೊಂಡದ್ದು ಬರೀ ಪ್ರೀತಿಯಿಂದ ಎಂದು ತಿಳಿಯಬೇಕಾಗಿಲ್ಲ. ಆದರೆ ಅಕಾಡೆಮಿಯ ಹುಡುಗನನ್ನು ಮಾರಿದರೆ ಬರುವ ಹಣವೆಲ್ಲ ಲೆಕ್ಕಪತ್ರದಲ್ಲಿ ಶುದ್ಧ ಲಾಭವಾಗಿ ಕಾಣುತ್ತದೆ, ಏಕೆಂದರೆ ಅವನನ್ನು ಕೊಂಡ ಬೆಲೆ ಎಂಬುದೇ ಇರುವುದಿಲ್ಲ. ಈ ಆಸೆಗೆ ಬಿದ್ದು ದೊಡ್ಡ ಕ್ಲಬ್‌ಗಳು ಮನೆಮಕ್ಕಳನ್ನೇ ಮಾರುತ್ತಿವೆ. ಫೋಡನ್ ವಿಷಯದಲ್ಲಿ ಸಿಟಿ ಆ ಆಸೆಗೆ ಬೀಳಲಿಲ್ಲ ಎಂಬುದು ನನಗೆ ಮೆಚ್ಚುಗೆಯ ಸಂಗತಿ.

ಹಸಿರುಮೈದಾನ:

ಇಷ್ಟೆಲ್ಲ ಓದಿದ ಮೇಲೆ ನನ್ನ ಪ್ರಶ್ನೆಯನ್ನು ಇನ್ನಷ್ಟು ಹರಿತಗೊಳಿಸುತ್ತೇನೆ. ಸಿಲ್ವಾ ಅವರ ಉತ್ತರಾಧಿಕಾರಿ ಎಂದು ಮೂರು ವರ್ಷ ಕಾಯಿಸಿದರು, ಸರಿ. 2020ರಲ್ಲಿ ಸಿಲ್ವಾ ಹೋದ ಮೇಲೆ ಫೋಡನ್ ಆಡಿದ್ದೆಲ್ಲಿ? ಹೆಚ್ಚಾಗಿ ಎಡಬದಿಯಲ್ಲಿ. ಸಿಲ್ವಾ ಹೊರಡುವ ಸ್ವಲ್ಪ ಮೊದಲು, ಆ ಆಗಸ್ಟ್‌ನಲ್ಲಿ, ರಿಯಲ್ ಮ್ಯಾಡ್ರಿಡ್ ವಿರುದ್ಧ ಸ್ಟ್ರೈಕರ್ ಜಾಗದಲ್ಲೂ ಆಡಿಸಿದ್ದರು. ಮಧ್ಯದಲ್ಲಿ ಅವರು ಪಂದ್ಯದ ಹಿಡಿತ ಕಳೆದುಕೊಳ್ಳಬಹುದೆಂಬ ಅಳುಕು ಗಾರ್ಡಿಯೋಲಾ ಅವರಿಗೆ ಬಹುಕಾಲ ಇತ್ತು. ಹದಿನೆಂಟರಲ್ಲಿ ಬೇರೆ ಕಡೆ ನಲವತ್ತು ಪಂದ್ಯ ಮಧ್ಯದಲ್ಲೇ ಆಡಿದ್ದರೆ ಈ ಅಳುಕು ಹುಟ್ಟುತ್ತಿತ್ತೇ?

ಎಡಗಾಲಿನಾಟ:

ಈ ಪ್ರಶ್ನೆಗೆ ಸುಲಭದ ಉತ್ತರವಿಲ್ಲ, ಇದರಲ್ಲಿ ನಿಮ್ಮ ಪಕ್ಕ ಅರ್ಧ ನಿಲ್ಲುತ್ತೇನೆ. ಆದರೂ 2020-21ರಲ್ಲಿ ಮಧ್ಯಕ್ಕೆ ಬಾರದೆಯೇ ಅವರು ಮಾಡಿದ್ದನ್ನು ನೋಡಿ. ಲಿವರ್‌ಪೂಲ್‌ನ ಮೈದಾನ ಆ್ಯನ್‌ಫೀಲ್ಡ್‌ನಲ್ಲಿ 4-1ರ ಗೆಲುವಿನಲ್ಲಿ ಬಲಮೂಲೆಯಿಂದ ಒಳನುಗ್ಗಿ ಮೇಲ್ಮಟ್ಟಕ್ಕೆ ಸಿಡಿಸಿದ ಗೋಲು, ಡಾರ್ಟ್‌ಮಂಡ್ ವಿರುದ್ಧದ ಕ್ವಾರ್ಟರ್‌ಫೈನಲ್‌ನ ಎರಡೂ ಪಂದ್ಯಗಳಲ್ಲಿ ಗೆಲುವಿನ ಗೋಲು. ಎಲ್ಲ ಸೇರಿ 50 ಪಂದ್ಯ, 16 ಗೋಲು, ವೃತ್ತಿಪರ ಆಟಗಾರರ ಸಂಘದ ವರ್ಷದ ಯುವ ಆಟಗಾರ ಪ್ರಶಸ್ತಿ. ಮಧ್ಯದ ಜಾಗಕ್ಕೆ ಹೆಚ್ಚಾಗಿ ಬಂದ 2023-24ರಲ್ಲಿ ಲೀಗ್‌ನಲ್ಲಿ 19 ಗೋಲು ಹೊಡೆದು ವರ್ಷದ ಆಟಗಾರನೇ ಆದರು. ತಡವಾಯಿತು ಎನ್ನಬಹುದು, ಕೆಟ್ಟಿತು ಎನ್ನಲಾಗುವುದಿಲ್ಲ.

ಧಾರವಾಡದ ವಿಂಗರ್:

ಐಸ್‌ಲ್ಯಾಂಡ್‌ನಲ್ಲಿ ಕ್ವಾರಂಟೈನ್ ನಿಯಮ ಮುರಿದು ಇಂಗ್ಲೆಂಡ್ ತಂಡದಿಂದ ಮನೆಗೆ ಕಳುಹಿಸಲ್ಪಟ್ಟದ್ದನ್ನು ಯಾರೂ ಹೇಳಲಿಲ್ಲ. ಅದೂ ಆರಂಭಿಕ ದಿನಗಳ ಭಾಗವೇ.

ಸ್ಟಾಕ್‌ಪೋರ್ಟ್ ನಿವಾಸಿ:

ಹೌದು, 2020ರ ಸೆಪ್ಟೆಂಬರ್‌ನಲ್ಲಿ, ಮೊದಲ ಅಂತರರಾಷ್ಟ್ರೀಯ ಪಂದ್ಯದ ಬೆನ್ನಿಗೇ. ಕ್ಷಮೆ ಕೇಳಿದರು, ನವೆಂಬರ್‌ನಲ್ಲಿ ಮತ್ತೆ ಆಯ್ಕೆಯಾಗಿ ಅದೇ ಐಸ್‌ಲ್ಯಾಂಡ್ ವಿರುದ್ಧ ಎರಡು ಗೋಲು ಹೊಡೆದರು.

ಕೆಂಪು ರಾಕ್ಷಸ:

ಕೊನೆಗೆ ಕೋಲ್ ಪಾಲ್ಮರ್ ಹೆಸರು ಹೇಳದೆ ಈ ಚರ್ಚೆ ಪೂರ್ಣವಾಗದು. ಅವರೂ ಸಿಟಿಯ ಅಕಾಡೆಮಿಯಲ್ಲೇ ಬೆಳೆದವರು. ಅವರಿಗೂ ಕಾಯಬೇಕೆಂಬ ಮಾತೇ ಎದುರಾಯಿತು. 2023ರ ಆಗಸ್ಟ್‌ನಲ್ಲಿ ಕಮ್ಯುನಿಟಿ ಶೀಲ್ಡ್‌ನಲ್ಲೂ ಯುರೋಪಿಯನ್ ಸೂಪರ್ ಕಪ್‌ನಲ್ಲೂ ಗೋಲು ಹೊಡೆದ ಮೇಲೂ ನಿಯಮಿತ ಜಾಗ ಸಿಗುವ ಭರವಸೆ ಕಾಣದೆ ಚೆಲ್ಸಿಗೆ ಹೊರಟರು. ಮೊದಲ ಋತುವಿನಲ್ಲೇ ಲೀಗ್‌ನಲ್ಲಿ 22 ಗೋಲು. 2024ರ ಆಗಸ್ಟ್‌ನಲ್ಲಿ ಒಂದೇ ಸಮಾರಂಭದಲ್ಲಿ ಫೋಡನ್ ವರ್ಷದ ಆಟಗಾರನ ಪ್ರಶಸ್ತಿಯನ್ನೂ ಪಾಲ್ಮರ್ ವರ್ಷದ ಯುವ ಆಟಗಾರನ ಪ್ರಶಸ್ತಿಯನ್ನೂ ಪಡೆದರು. ಒಬ್ಬರು ಉಳಿದು ಗೆದ್ದರು, ಒಬ್ಬರು ಹೊರಟು ಗೆದ್ದರು. ಹಾಗಾಗಿ ಹಸಿರುಮೈದಾನ ಅವರೇ, ಫೋಡನ್ ಅವರನ್ನು ಉಳಿಸಿಕೊಂಡದ್ದು ಸರಿ ಎನ್ನುವವರು ಪಾಲ್ಮರ್ ಅವರನ್ನು ಬಿಟ್ಟುಕೊಟ್ಟದ್ದಕ್ಕೂ ಉತ್ತರ ಹೇಳಬೇಕಾಗುತ್ತದೆ.

ಖಾತೆಪುಸ್ತಕ:

ಪಾಲ್ಮರ್ ಅವರಿಗೆ ಚೆಲ್ಸಿ ಕೊಟ್ಟದ್ದು 4 ಕೋಟಿ ಪೌಂಡ್, ಮೇಲೆ ಷರತ್ತಿನ 25 ಲಕ್ಷ. ಸಿಟಿಯ ಪುಸ್ತಕದಲ್ಲಿ ಅಷ್ಟೂ ಲಾಭ. ಈಗ ಅವರನ್ನು ಮರಳಿ ಕೊಳ್ಳಬೇಕೆಂದರೆ ಆ ಬೆಲೆಗೆ ಯಾರೂ ಕೊಡುವುದಿಲ್ಲ.